ಟಿವಿ ಕೆಟ್ಟಿಲ್ಲ, ವೈರ್ ತಪ್ಪಿದೆ

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಚಳ್ಳಕೆರೆ ಕಡೆಯ ಉಳ್ಳಾರ್ತಿ ಕಾವಲಿನ ಅಂಚಿಗೆ ಅವಳ ಮನೆ. ಪಡಸಾಲೆಯ ದೊಡ್ಡ ಟಿವಿ ಗೋಡೆ ಕಡೆ ಮುಖ ಮಾಡಿ ನಿಂತಿತ್ತು, ಮೇಲೊಂದು ಹಳೆ ಕಂಬಳಿ ಹೊದಿಸಿದ್ದರು. 29 ಇಂಚಿನ, ಚಪ್ಪಟೆ ಗಾಜಿನ, ಪಿಕ್ಚರ್ ಟ್ಯೂಬಿನ ಟಿವಿ. 2006ರಲ್ಲಿ ಭಾವ ಶೇಂಗಾ ಮಾರಿದ ದುಡ್ಡಲ್ಲಿ ತಂದದ್ದು. ಟೆಂಪೋದಿಂದ ಇಳಿಸಿ ಒಳಗಿಡಲು ನಾಲ್ಕು ಜನ ಕೈ ಹಾಕಿದ್ದೆವು.

"ಯಾಕಕ್ಕ, ಏನಾಯ್ತು ಇದಕ್ಕೆ?"

"ಕಲರ್ ಹೋಗೈತಂತೆ ಕಣೋ. ಗುಜರಿಗೆ ಹಾಕಿ ಎಲ್‌ಇಡಿ ತಗಳ್ಳಿ ಅಂದ ಅಂಗಡಿಯೋನು."

ಅಂಗಡಿಯವನು ಮನೆಗೆ ಬಂದು ನೋಡಿರಲಿಲ್ಲ. ಬೆಂಗಳೂರಿನ ದಾಯಾದಿಯೊಬ್ಬರು ತಮ್ಮ ಹಳೆಯ ಪ್ಲೇಸ್ಟೇಷನ್ 2 ಅನ್ನು ಅಕ್ಕನ ಮಗನಿಗೆ ಕೊಟ್ಟಿದ್ದರು. ಹುಡುಗ ಅದನ್ನು ಟಿವಿಗೆ ಸಿಕ್ಕಿಸಿದ, ಆಟ ಕಪ್ಪು ಬಿಳುಪಿನಲ್ಲಿ ಬಂತು. ಫೋನಿನಲ್ಲಿ ಫೋಟೊ ತೆಗೆದು ಪೇಟೆಯ ಅಂಗಡಿಗೆ ಒಯ್ದು ತೋರಿಸಿದ. ಅಂಗಡಿಯವನು ಫೋಟೊ ನೋಡಿಯೇ ತೀರ್ಪು ಕೊಟ್ಟ: ಕಲರ್ ಸೆಕ್ಷನ್ ಔಟ್.

ಕಂಬಳಿ ತೆಗೆದು, ಫೋನಿನ ಟಾರ್ಚ್ ಹಾಕಿ ಬೆನ್ನು ನೋಡಿದೆ. ಜೇಡರ ಬಲೆ, ಬೆರಳು ದಪ್ಪ ಧೂಳು. ಒಂದು ಸಾಲಿನಲ್ಲಿ ಹಳದಿ, ಬಿಳಿ, ಕೆಂಪು ತೂತುಗಳು. ಅದರ ಕೆಳಗೆ ಇನ್ನೊಂದು ಸಾಲು: ಹಸಿರು, ನೀಲಿ, ಕೆಂಪು. ಕತ್ತಲಲ್ಲಿ ಕೈ ಹಾಕಿ ತಡಕಾಡಿದ ಹುಡುಗ ಹಳದಿ ಪಿನ್ನನ್ನು ಹಸಿರು ತೂತಿಗೆ ಚುಚ್ಚಿದ್ದ. ತೆಗೆದು ಹಳದಿಗೆ ಹಾಕಿ, ಟಿವಿಯಲ್ಲಿ ಎವಿ ಆರಿಸಿದೆ. "ಮಾವ, ಬಂತು! ಕಲರ್ ಬಂತು!" ಅಂತ ಹುಡುಗ ಕೂಗಿದ್ದಕ್ಕೆ ಅಕ್ಕ ಒಲೆ ಮುಂದಿನಿಂದ ಎದ್ದು ಬಂದಳು.

ಒಂದು ಪಿನ್ ಅರ್ಧ ಗೇಣು ಕೆಳಕ್ಕೆ ಹೋಗಿತ್ತು, ಅಷ್ಟೆ. ಅದಕ್ಕೆ ಒಂದು ಟಿವಿ ಗುಜರಿಗೆ ಹೋಗುವುದಿತ್ತು, ಶೇಂಗಾ ಬೆಳೆಯುವ ಮನೆಯವರು ಕಂತಿನ ಸಾಲಕ್ಕೆ ಸಹಿ ಹಾಕುವುದಿತ್ತು.

ಇದು ಅಂಗಡಿಯವನೊಬ್ಬನ ಮಾತಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಚಳ್ಳಕೆರೆಯಲ್ಲಿ, ಮೊಳಕಾಲ್ಮೂರಿನಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ನೆಂಟರ ಮನೆಗಳಲ್ಲಿ, ಎಲ್ಲೆಲ್ಲೂ ಇದೇ ಮಾತು: ಹಳೆ ಟಿವಿಗೆ ಯಾವ ವೈರ್ ಹಾಕಿದರೂ ಅಷ್ಟೇ, ಚಿತ್ರ ಚೆನ್ನಾಗಿ ಬೇಕಿದ್ದರೆ ಹೊಸ ಟಿವಿ ತಗೊಳ್ಳಿ. ಹೊಸದು ಕೊಂಡ ಮೇಲೆ ಅದೇ ಬಾಯಿ ಇನ್ನೊಂದು ಮಾತು ಹೇಳುತ್ತದೆ: ಇದಕ್ಕೆ ಮಾಮೂಲಿ ಕೇಬಲ್ ಬೇಡ, ಚಿನ್ನದ ಲೇಪನದ್ದು ಹಾಕಿ, ಚಿತ್ರ ಎದ್ದು ಬರುತ್ತದೆ. ನಾನು ಹೇಳುವುದಿಷ್ಟು: ಈ ಎರಡೂ ಮಾತು ತಲೆಕೆಳಗಾಗಿವೆ. ವೈರಿನ ಆಯ್ಕೆಯಿಂದ ಚಿತ್ರ ಅಜಗಜಾಂತರ ಬದಲಾಗುವುದು ಹಳೆ ಟಿವಿಯಲ್ಲಿ. ಹೊಸ ಟಿವಿಯಲ್ಲಿ ಆ ಆಯ್ಕೆಯಿಂದ ಆಗುವ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಜನ ಮಾತ್ರ ಹಳೆಯದಕ್ಕೆ ಕೈಗೆ ಸಿಕ್ಕಿದ ವೈರ್ ಹಾಕುತ್ತಾರೆ, ಹೊಸದಕ್ಕೆ ಸಾವಿರಗಟ್ಟಲೆ ಸುರಿಯುತ್ತಾರೆ.

ಹಳದಿ ವೈರಿನೊಳಗೆ ಏನು ಹರಿಯುತ್ತದೆ ಎಂದು ತಿಳಿದರೆ ಇದು ಅರ್ಥವಾಗುತ್ತದೆ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ನಮ್ಮ ದೇಶ ಒಪ್ಪಿಕೊಂಡದ್ದು ಪಾಲ್ ಪದ್ಧತಿ. ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 50 ಅರೆಚಿತ್ರ. ಬೆಳಕು ಎಷ್ಟು ಎಂಬ ಸುದ್ದಿಯ ಮೇಲೆಯೇ ಬಣ್ಣ ಯಾವುದು ಎಂಬ ಸುದ್ದಿಯನ್ನು 4.43 ಮೆಗಾಹರ್ಟ್ಸ್‌ನ ಅಲೆಯಾಗಿ ಹೊರಿಸಿ, ಎರಡನ್ನೂ ಒಂದೇ ತಂತಿಯಲ್ಲಿ ಕಳಿಸುತ್ತಾರೆ. ಕಾಂಪೋಸಿಟ್ ಎಂದರೆ ಇದೇ. ರಾಗಿ, ಸಜ್ಜೆ ಎರಡನ್ನೂ ಒಂದೇ ಚೀಲಕ್ಕೆ ಸುರಿದು ಕಳಿಸಿ, ಆ ಕಡೆ ಮುಟ್ಟಿದ ಮೇಲೆ ಜರಡಿ ಹಿಡಿದ ಹಾಗೆ. ಜರಡಿ ಎಷ್ಟೇ ಒಳ್ಳೆಯದಿದ್ದರೂ ಒಂದಿಷ್ಟು ರಾಗಿ ಸಜ್ಜೆಯಲ್ಲಿ ಉಳಿಯುತ್ತದೆ. ಹಾಗೆ ಉಳಿದದ್ದೇ ತೆರೆಯ ಮೇಲೆ ಕಾಣುವ ಕೊಳೆ. ಕೆಂಪು ಅಂಗಿಯ ಅಂಚಿನಲ್ಲಿ ಇರುವೆ ಸಾಲಿನಂತೆ ಹರಿದಾಡುವ ಚುಕ್ಕಿಗಳು, ಸಣ್ಣ ಗೆರೆಗಳ ಮೇಲೆ ಇಲ್ಲದ ಕಾಮನಬಿಲ್ಲು, ಕಲಸಿಹೋದ ಅಂಕಿಗಳು. ನೋಡಿದವರು "ಹಳೆ ಟಿವಿ ಅಲ್ವಾ, ಇಷ್ಟೇ ಬರೋದು" ಅನ್ನುತ್ತಾರೆ. ಆ ಚುಕ್ಕಿಗಳಲ್ಲಿ ಬಹುಪಾಲು ಒಂದೇ ಚೀಲದಲ್ಲಿ ಕಳಿಸಿದ್ದರ ಫಲ. ಅದಕ್ಕೆ ಟ್ಯೂಬನ್ನು ಬೈದರೆ ಏನು ಬಂತು?

ಎಸ್-ವಿಡಿಯೊ ಎಂಬ ನಾಲ್ಕು ಪಿನ್ನಿನ ಉರುಟು ಸಾಕೆಟ್ಟು ಬೆಳಕಿಗೆ ಒಂದು, ಬಣ್ಣಕ್ಕೆ ಒಂದು ಎಂದು ಎರಡು ಚೀಲ ಮಾಡುತ್ತದೆ. ಅಕ್ಕನ ಟಿವಿಯಲ್ಲಿದ್ದ ಹಸಿರು, ನೀಲಿ, ಕೆಂಪು ಸಾಲು ಕಾಂಪೊನೆಂಟ್. ಅದು ಮೂರು ಚೀಲ ಮಾಡುತ್ತದೆ: ಹಸಿರಿನಲ್ಲಿ ಬೆಳಕು ಮಾತ್ರ, ಉಳಿದೆರಡರಲ್ಲಿ ಬಣ್ಣದ ವ್ಯತ್ಯಾಸಗಳು. ಬೆರೆಸದೆ ಕಳಿಸಿದ್ದರಿಂದ ಜರಡಿಯ ಕೆಲಸವೇ ಇಲ್ಲ. ಹುಡುಗನಿಗೆ ಕಪ್ಪು ಬಿಳುಪು ಕಂಡದ್ದೂ ಇದರಿಂದಲೇ. ಹಸಿರು ತೂತು ಬೆಳಕನ್ನು ಮಾತ್ರ ಓದುತ್ತದೆ, ಬಣ್ಣವನ್ನು ಟಿವಿ ಉಳಿದೆರಡು ತೂತುಗಳಲ್ಲಿ ಹುಡುಕುತ್ತದೆ. ಅಲ್ಲಿ ಏನೂ ಇರಲಿಲ್ಲ. ಟಿವಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಬಣ್ಣ ಬಂದ ಮೇಲೆ ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಬೆಂಗಳೂರಿಗೆ ಹೋದಾಗ ಪ್ಲೇಸ್ಟೇಷನ್ನಿನ ಕಾಂಪೊನೆಂಟ್ ಕೇಬಲ್ ಹುಡುಕಿದೆ. ಪ್ಲೇಸ್ಟೇಷನ್ 2 ಮತ್ತು 3 ಎರಡಕ್ಕೂ ಹಿಂದಿನ ಎವಿ ಸಾಕೆಟ್ಟು ಒಂದೇ ಆಕಾರದ್ದು, ಆದ್ದರಿಂದ ಒಂದರದ್ದು ಇನ್ನೊಂದಕ್ಕೆ ನಡೆಯುತ್ತದೆ. ಮೂರು ಅಂಗಡಿಯವರು "ಅದ್ಯಾಕೆ ಸಾರ್ ಈಗ" ಎಂದು ಕೈಯಾಡಿಸಿದರು. ನಾಲ್ಕನೆಯವರು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿ ಕೊಟ್ಟರು. ಬೆಲೆ ಕೆಲವು ನೂರು ರೂಪಾಯಿ. ಹಾಕುವ ಮುಂಚೆ ಒಂದು ಕೆಲಸವಿದೆ. ಹಳದಿ ವೈರ್ ಇದ್ದಾಗಲೇ ಪ್ಲೇಸ್ಟೇಷನ್ನಿನ ಸಿಸ್ಟಂ ಸೆಟ್ಟಿಂಗಿಗೆ ಹೋಗಿ, ಕಾಂಪೊನೆಂಟ್ ವಿಡಿಯೊ ಔಟ್ ಎಂಬಲ್ಲಿ ಆರ್‌ಜಿಬಿ ಇದ್ದರೆ ಅದನ್ನು ಬಿಡಿಸಿ ವೈ ಸಿಬಿ ಸಿಆರ್ ಎಂದಿರುವುದನ್ನು ಆರಿಸಬೇಕು. ಇಲ್ಲದಿದ್ದರೆ ಬಣ್ಣ ಕೆಡುತ್ತದೆ, ಇಲ್ಲವೇ ಚಿತ್ರವೇ ನಿಲ್ಲುವುದಿಲ್ಲ. ಇದನ್ನು ಹೇಳುವವರಿಲ್ಲದೆ ಎಷ್ಟು ಒಳ್ಳೆಯ ಕೇಬಲ್ಲುಗಳು "ಡೂಪ್ಲಿಕೇಟ್" ಎನ್ನಿಸಿಕೊಂಡು ವಾಪಸ್ಸಾಗಿರಬಹುದು! ಪಿನ್ನುಗಳನ್ನು ಬದಲಿಸಿ, ಆಟ ಶುರು ಮಾಡಿ, ಹುಡುಗನನ್ನು ತೆರೆಯ ಹತ್ತಿರ ಕೂರಿಸಿದೆ. ಮೂಲೆಯ ಅಂಕಿಗಳನ್ನು ಬೆರಳಿಟ್ಟು ಓದಿದ. ಕಾರಿನ ಕೆಂಪಿನ ಅಂಚು ಚಾಕುವಿನಿಂದ ಕೊಯ್ದಂತೆ ನೇರವಾಗಿತ್ತು. ಟಿವಿ ಅದೇ, ಟ್ಯೂಬು ಅದೇ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಆಟದ ಡಬ್ಬಗಳದ್ದೂ ಇದೇ ಕಥೆ. ಅವು ಎನ್‌ಟಿಎಸ್‌ಸಿ ಪದ್ಧತಿಯವು. ಪಾಲ್ ಟಿವಿಗೆ ಹಳದಿ ವೈರಿನಲ್ಲಿ ಹಾಕಿದರೆ ಬಣ್ಣ ಬಾರದಿರುವುದುಂಟು. ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಂ ಎಂಬುದನ್ನು ಪಾಲ್‌ನಿಂದ ಆಟೋಗೆ ಬದಲಿಸಿದರೆ ಬಹಳಷ್ಟು ಟಿವಿಗಳಲ್ಲಿ ಬಣ್ಣ ಬರುತ್ತದೆ. ಕಾಂಪೊನೆಂಟಿನಲ್ಲಿ ಬಣ್ಣವನ್ನು ಪಾಲ್ ಎಂದೋ ಎನ್‌ಟಿಎಸ್‌ಸಿ ಎಂದೋ ಹೆಣೆಯುವುದೇ ಇಲ್ಲ. ಸೆಕೆಂಡಿಗೆ 60 ಅರೆಚಿತ್ರ ತಡೆದುಕೊಳ್ಳುವ ಟಿವಿಯಾದರೆ ಸಾಕು. ಪ್ಲೇಸ್ಟೇಷನ್ 3 ಅನ್ನು ಹೊಸ ಟಿವಿಯಿಂದ ಹಳೆಯದಕ್ಕೆ ತಂದಾಗ ತೆರೆ ಕಪ್ಪಾಗಿ ಉಳಿದರೆ ಅದೂ ಕೆಟ್ಟಿಲ್ಲ. ಆಫ್ ಆಗಿರುವಾಗ ಪವರ್ ಗುಂಡಿಯನ್ನು ಎರಡನೇ ಬೀಪ್ ಕೇಳುವವರೆಗೆ ಒತ್ತಿ ಹಿಡಿದರೆ, ಈಗ ಯಾವ ವೈರ್ ಇದೆಯೆಂದು ಅದು ಹೊಸದಾಗಿ ನೋಡಿಕೊಳ್ಳುತ್ತದೆ.

ಇದೆಲ್ಲ ಪೇಟೆಯವರ ಗುಟ್ಟಿನ ವಿದ್ಯೆಯೇನಲ್ಲ. ಈ ತಿಳಿವಳಿಕೆ ಒಂದು ಕಾಲಕ್ಕೆ ಪ್ರತಿ ಹಳ್ಳಿಯಲ್ಲೂ ಇತ್ತು. ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುತ್ತ "ಬಂತಾ? ಬಂತಾ?" ಎಂದು ಕೂಗುವವನೊಬ್ಬ, ಕೆಳಗಿನಿಂದ "ಹೋಯ್ತು, ಹಿಂದಕ್ಕೆ ತಿರುಗ್ಸು" ಅನ್ನುವವನೊಬ್ಬ. ವಿಸಿಪಿ ಬಾಡಿಗೆಗೆ ತಂದು ಹಟ್ಟಿಯ ಮುಂದೆ ರಾತ್ರಿಯಿಡೀ ಸಿನಿಮಾ ಹಾಕಿದ ದಿನ ಅದರ ಚಾನೆಲ್ ಹಿಡಿಯಬಲ್ಲ ಹುಡುಗನಿಗೆ ಊಟಕ್ಕೆ ಮೊದಲ ಪಂಕ್ತಿ. 90ರ ದಶಕದಲ್ಲಿ ಕ್ಯಾಸೆಟ್ ಹಾಕುವ ವಿಡಿಯೊ ಗೇಮ್ ನಮ್ಮ ಬೀದಿಗೆ ಬಂದಾಗ ಅದನ್ನು ಆ್ಯಂಟೆನಾ ತೂತಿಗೇ ಸಿಕ್ಕಿಸಬೇಕಿತ್ತು. ಚಿತ್ರ, ಶಬ್ದ ಎರಡನ್ನೂ ಸಣ್ಣ ಪ್ರಸಾರ ಕೇಂದ್ರದಂತೆ ಒಂದು ಚಾನೆಲ್ಲಿಗೆ ಏರಿಸಿ ಕಳಿಸುತ್ತಿದ್ದ ಆ ಆರ್‌ಎಫ್ ವೈರು ಎಲ್ಲಕ್ಕಿಂತ ಕೆಳದರ್ಜೆಯದು. ಆದರೂ ಟ್ಯೂನಿಂಗ್ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ, ಮಳೆ ಬಂದಂಥ ತೆರೆಯೊಳಗಿಂದ ಆಟವನ್ನು ಹೊರಗೆ ತರುತ್ತಿದ್ದೆವು. ಬಾತುಕೋಳಿ ಹೊಡೆಯುವ ಬಂದೂಕಿನ ಆಟ ನೆನಪಿದೆಯೇ? ಆ ಬಂದೂಕು ಟ್ಯೂಬಿನ ತೆರೆಯ ಬೆಳಕನ್ನು, ಅದು ಮೂಡುವ ಕ್ಷಣದಲ್ಲೇ ಓದುತ್ತದೆ. ಇವತ್ತಿನ ಎಲ್‌ಇಡಿ ಟಿವಿಯ ಮುಂದೆ ಹಿಡಿದರೆ ಒಂದು ಕೋಳಿಯೂ ಬೀಳುವುದಿಲ್ಲ. ಟ್ಯೂಬಿಗೆಂದೇ ಮಾಡಿದ ಆಟಕ್ಕೆ ಟ್ಯೂಬೇ ಸರಿಯಾದ ಜಾಗ. ಗುಂಡಿ ಒತ್ತಿದ್ದಕ್ಕೂ ತೆರೆಯ ಮೇಲೆ ಜಿಗಿದದ್ದಕ್ಕೂ ನಡುವೆ ತಡ ಇಲ್ಲದಿರುವುದೂ ಅದರದ್ದೇ ಗುಣ. ಹೊಸ ಟಿವಿ ಹಳೆ ಚಿತ್ರವನ್ನು ತನ್ನ ಅಳತೆಗೆ ಹಿಗ್ಗಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ.

ಈಗ ಹೊಸ ಟಿವಿಗೆ ಹಾಕುವ ಚಿನ್ನದ ಎಚ್‌ಡಿಎಂಐ ಕೇಬಲ್ಲಿನ ಮಾತು. ಎಚ್‌ಡಿಎಂಐನಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ಮುಟ್ಟಿದರೆ ಪೂರ್ತಿ ಮುಟ್ಟಿತು. ಮುಟ್ಟದಿದ್ದರೆ ತೆರೆಯ ಮೇಲೆ ಮಿಣುಕು ಚುಕ್ಕಿ, ಇಲ್ಲವೇ ಚಿತ್ರ ಹೋಗಿ ಬಂದು ಆಗುತ್ತದೆ. ಅಗ್ಗದ ಕೇಬಲ್ಲಿನಲ್ಲಿ ಹಸಿರು ಸ್ವಲ್ಪ ಮಾಸಲು, ದುಬಾರಿಯದರಲ್ಲಿ ಗಾಢ ಎಂಬುದು ಆಗದ ಮಾತು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಪಿನ್ನಿಗೆ ಲೇಪಿಸುವುದು ಅದಕ್ಕೇ. ವಿದ್ಯುತ್ ಹರಿಸುವುದರಲ್ಲಿ ಚಿನ್ನಕ್ಕಿಂತ ತಾಮ್ರವೇ ಮೇಲು. ಹತ್ತು ಹದಿನೈದು ಮೀಟರ್ ಉದ್ದ ಎಳೆಯುವುದಿದ್ದರೆ, ಇಲ್ಲವೇ ತೀರಾ ಹೊಸ ಕನ್ಸೋಲಿನ 4ಕೆ ಚಿತ್ರ ಬೇಕಿದ್ದರೆ ಕೇಬಲ್ಲಿನ ದರ್ಜೆ ಲೆಕ್ಕಕ್ಕೆ ಬರುತ್ತದೆ, ಒಪ್ಪುತ್ತೇನೆ. ಹತ್ತು ಹನ್ನೆರಡು ವರ್ಷ ಹಳೆಯ, 1366 ಗುಣಿಸು 768 ಚುಕ್ಕಿಯ 32 ಇಂಚಿನ ಟಿವಿಗೆ ಎರಡು ಮೀಟರಿನ ಸಾಧಾರಣ ಕೇಬಲ್ ಸಾಕು. ಅದರ ಡಬ್ಬಿಯ ಮೇಲೆ "2.1 ವರ್ಷನ್" ಎಂದು ದೊಡ್ಡದಾಗಿ ಬರೆದು ಬೆಲೆ ಏರಿಸುವವರನ್ನು ನಂಬಬೇಡಿ. ಕೇಬಲ್ಲಿನ ಮೇಲೆ ವರ್ಷನ್ ಸಂಖ್ಯೆ ಹಾಕಕೂಡದು ಎಂಬುದು ಎಚ್‌ಡಿಎಂಐ ಪರವಾನಗಿ ಸಂಸ್ಥೆಯದೇ ನಿಯಮ.

ಇದಕ್ಕಿಂತ ಹೀನವಾದ ವ್ಯಾಪಾರ ಇನ್ನೊಂದಿದೆ. ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಹಳದಿ, ಬಿಳಿ, ಕೆಂಪು ಪಿನ್ನು. ನಡುವೆ ಬರೀ ತಂತಿ. ನೂರಿನ್ನೂರು ರೂಪಾಯಿಗೆ ಎಲ್ಲೆಡೆ ಸಿಗುತ್ತದೆ. "ಹೊಸ ಗೇಮು, ಹಳೆ ಟಿವಿ ಎರಡಕ್ಕೂ ಆಗುತ್ತದೆ" ಎಂದು ಕೊಡುತ್ತಾರೆ. ಅದು ಕೆಲಸ ಮಾಡುವುದಿಲ್ಲ, ಮಾಡಲು ಸಾಧ್ಯವೂ ಇಲ್ಲ. ಎಚ್‌ಡಿಎಂಐಯದು ಅಂಕಿಗಳ ಭಾಷೆ, ಹಳದಿಯದು ಅಲೆಗಳ ಭಾಷೆ. ತಂತಿ ದೂತನಾದೀತು, ದುಭಾಷಿಯಾಗಲಾರದು. ದುಭಾಷಿ ಬೇಕಿದ್ದರೆ ನಡುವೆ ಕನ್ವರ್ಟರ್ ಎಂಬ ಸಣ್ಣ ಡಬ್ಬಿ ಇರಬೇಕು, ಅದಕ್ಕೆ ಯುಎಸ್‌ಬಿಯಿಂದ ಐದು ವೋಲ್ಟ್ ಕರೆಂಟು ಬೇಕು. ಅದರ ಮೇಲೆ "ಎಚ್‌ಡಿಎಂಐ ಟು ಎವಿ" ಎಂದಿರಬೇಕು. "ಎವಿ ಟು ಎಚ್‌ಡಿಎಂಐ" ಎಂಬುದು ಉಲ್ಟಾ ದಾರಿಯ ಡಬ್ಬಿ, ಅದು ಈ ಕೆಲಸಕ್ಕೆ ಬಾರದು. ಬರೀ ತಂತಿಯ ಕೇಬಲ್ ತಂದು, ಚಿತ್ರ ಬಾರದೆ, "ಟಿವಿಯೇ ಹಳೇದಾಯ್ತು" ಎಂದು ಟಿವಿಗೇ ಶಿಕ್ಷೆ ಕೊಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಮಾರಿದವನ ತಪ್ಪಿಗೆ ಕೊಂಡವನು ಎರಡು ಸಲ ದಂಡ ತೆರುವುದನ್ನು ಮೋಸ ಎಂದು ಕರೆಯಲು ಯಾಕೆ ಹಿಂಜರಿಯಬೇಕು?

ಎದುರು ವಾದಗಳಲ್ಲಿ ನ್ಯಾಯವಾದವೂ ಇವೆ. ಪ್ಲೇಸ್ಟೇಷನ್ 4ರಂಥ ಎಚ್‌ಡಿಎಂಐ ಮಾತ್ರ ಇರುವ ಕನ್ಸೋಲನ್ನು ಕನ್ವರ್ಟರ್ ಮೂಲಕ ಟ್ಯೂಬ್ ಟಿವಿಗೆ ತಂದರೆ ಆಟ ಕಾಣುತ್ತದೆ, ಸಣ್ಣ ಅಕ್ಷರ ಓದಲಾಗುವುದಿಲ್ಲ. ಆ ಆಟಗಳನ್ನು ಬರೆದದ್ದೇ ದೊಡ್ಡ ತೆರೆಗೆ. ಅಲ್ಲಿ ಹೊಸ ಟಿವಿ ಬೇಕೆಂದರೆ ನಾನು ಜಗಳ ಮಾಡುವುದಿಲ್ಲ. ಟ್ಯೂಬೇ ಮಂಕಾಗಿದ್ದರೂ ಅಷ್ಟೇ, ಹೊಸ ಟ್ಯೂಬ್ ಹುಡುಕಿ ಹಾಕುವ ಕಾಲ ಹೋಯಿತು. ಹಳೆ ಟಿವಿ ಹೆಚ್ಚು ಕರೆಂಟು ತಿನ್ನುತ್ತದೆ ಎಂಬ ವಾದ ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ದೊಡ್ಡ ಟ್ಯೂಬ್ ಟಿವಿಗೆ 120 ವ್ಯಾಟ್, 32 ಇಂಚಿನ ಎಲ್‌ಇಡಿಗೆ 50 ಎಂದು ಹಿಡಿಯಿರಿ. ದಿನಕ್ಕೆ ಎರಡು ತಾಸು ಆಡಿದರೆ ವರ್ಷಕ್ಕೆ ಹೆಚ್ಚುವುದು ಸುಮಾರು 50 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಎಂದರೂ 350 ರೂಪಾಯಿ. ಹನ್ನೆರಡು ಸಾವಿರದ ಹೊಸ ಟಿವಿ ಆ ಉಳಿತಾಯದಲ್ಲಿ ತೀರಲು ಮೂವತ್ತನಾಲ್ಕು ವರ್ಷ ಬೇಕು.

ಗುಜರಿಗೆ ಹೋದ ಟಿವಿ ಅಲ್ಲಿಗೆ ಮಾಯವಾಗುವುದೂ ಇಲ್ಲ. ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಸೀಸವಿದೆ, ತೂಕದ ಐದನೇ ಒಂದು ಪಾಲಿಗೂ ಹೆಚ್ಚು ಸೀಸದ ಆಕ್ಸೈಡು. ಅದರ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗೆ ಬೆಲೆ ಬರುತ್ತದೆ, ಗಾಜಿಗೆ ಬರುವುದಿಲ್ಲ. ಹಾಗಾಗಿ ಸುರುಳಿ ಬಿಚ್ಚಿಕೊಂಡು ಗಾಜನ್ನು ಹಳ್ಳದ ದಂಡೆಗೆ ಎಸೆಯುತ್ತಾರೆ. 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ ಶುರುವಾಯಿತು. ವಿದ್ಯುನ್ಮಾನ ಕಸವನ್ನು ಕ್ರಮಬದ್ಧವಾಗಿ ಬಿಡಿಸುವ ದೇಶದ ಮೊದಲ ಘಟಕಗಳಲ್ಲಿ ಅದೊಂದು. ನಮ್ಮ ಊರಿನ ಗುಜರಿ ಗಾಡಿ ಹಿರಿಯೂರು, ತುಮಕೂರು ದಾಟಿ ಅಲ್ಲಿಯವರೆಗೆ ಗಾಜು ಹೊತ್ತು ಹೋಗುವುದನ್ನು ನಾನಂತೂ ನೋಡಿಲ್ಲ.

ನಮ್ಮ ಕಡೆ ಈಚೆಗೆ ಇನ್ನೊಂದು ಸಂಕೋಚ ಸೇರಿಕೊಂಡಿದೆ. ಕಾವಲುಗಳಿಗೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿ ಬಂದು ಇಳಿದದ್ದು ನಮ್ಮ ಚಳ್ಳಕೆರೆಯ ಪರೀಕ್ಷಾ ನೆಲೆಯ ಓಡುದಾರಿಯ ಮೇಲೆ. ವಿಜ್ಞಾನ ನಗರಿಯಾದ ಊರಲ್ಲಿ ಡಬ್ಬಾ ಟಿವಿ ಇಟ್ಟುಕೊಂಡರೆ ಬಂದವರು ಏನಂದಾರು ಎಂದು ಅಕ್ಕನೇ ಒಮ್ಮೆ ಕೇಳಿದಳು. ನನಗೆ ಆ ಮಾತು ನೋಯಿಸಿತು. ಇದೇ ಉಳ್ಳಾರ್ತಿ ಕಾವಲನ್ನು "ಬರೀ ಬಂಜರು" ಎಂದವರಿದ್ದರು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಅದು. ಆ ಹುಲ್ಲು ತಿಂದ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಬದುಕಿದ ಮನೆಗಳು ಸುತ್ತಲ ಹಟ್ಟಿಗಳಲ್ಲಿವೆ. ಸುತ್ತಮುತ್ತಲ ಕಾವಲುಗಳಲ್ಲಿ ಸುಮಾರು 10,000 ಎಕರೆ ಕೈಬಿಟ್ಟು ಹೋಗಿ, ಬೇಲಿ ಗೋಡೆ ಎದ್ದ ಮೇಲೆ ಆ ಬಂಜರು ಎಷ್ಟು ಬಾಯಿಗೆ ಅನ್ನ ಹಾಕುತ್ತಿತ್ತೆಂದು ಲೆಕ್ಕ ಹಾಕಿದರು. ನೆಲಕ್ಕೂ ಟಿವಿಗೂ ಸಮ ಎಂದು ನಾನು ಹೇಳುತ್ತಿಲ್ಲ. ಒಂದು ಸಲ ಬಗ್ಗಿ ನೋಡದೆ "ವೇಸ್ಟ್" ಎಂದುಬಿಡುವ ಆ ಅವಸರದ ರುಚಿ ನಮಗೆ ಚೆನ್ನಾಗಿ ಗೊತ್ತು, ಅದನ್ನು ನಮ್ಮ ಪಡಸಾಲೆಯೊಳಗೂ ಯಾಕೆ ಬಿಟ್ಟುಕೊಳ್ಳಬೇಕು?

ಹೊರಗಿನವರ ಸಲಹೆಯನ್ನೂ ಹಾಗೇ ನುಂಗುವ ಅಗತ್ಯವಿಲ್ಲ. ಯುರೋಪಿನವರು ಸ್ಕಾರ್ಟ್ ಕೇಬಲ್ ತಗೊಳ್ಳಿ ಅನ್ನುತ್ತಾರೆ, ಅವರ ಟಿವಿಗಳಿಗೆ ಅದು ಒಳ್ಳೆಯದೇ. ಆದರೆ ಆ ಅಗಲ ಸಾಕೆಟ್ಟು ನಮ್ಮಲ್ಲಿ ಮಾರಿದ ಟಿವಿಗಳಲ್ಲಿ ಕಾಣುವುದೇ ಅಪರೂಪ. ಹುಡುಗರು ಅವರ ಮಾತು ಕೇಳಿ ತರಿಸಿ, ಸಿಕ್ಕಿಸಲು ತೂತಿಲ್ಲದೆ ಕೂರುತ್ತಾರೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇದು. ಅಂಗಡಿಗೆ ಹೋಗುವ ಮುಂಚೆ ಟಿವಿಯ ಪ್ಲಗ್ ಕಿತ್ತು, ಒದ್ದೆಯಿಲ್ಲದ ಬಟ್ಟೆಯಲ್ಲಿ ಬೆನ್ನಿನ ಧೂಳು ಒರೆಸಿ, ಬೆಳಕು ಹಿಡಿದು ಯಾವ ಬಣ್ಣದ ತೂತುಗಳಿವೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೆನ್ನಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ದೊಡ್ಡ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಹೋಗುತ್ತದೆ, ಆಫ್ ಮಾಡಿದ ಮೇಲೂ ಅದು ಉಳಿದಿರಬಹುದು. ಆಟದ ಡಬ್ಬದ ಬೆನ್ನನ್ನೂ ಹಾಗೇ ನೋಡಿ ಬರೆದುಕೊಳ್ಳಿ. ಆರ್‌ಎಫ್‌ಗಿಂತ ಹಳದಿ, ಹಳದಿಗಿಂತ ಎಸ್-ವಿಡಿಯೊ, ಅದಕ್ಕಿಂತ ಕಾಂಪೊನೆಂಟ್ ಮೇಲು; ಎರಡೂ ಕಡೆ ಇರುವ ದಾರಿಗಳಲ್ಲಿ ಮೇಲು ದರ್ಜೆಯದನ್ನು ಆರಿಸಿ. ಚೀಟಿಯನ್ನು ಅಂಗಡಿಯವರ ಮುಂದಿಟ್ಟು "ಇದಕ್ಕೆ ಇದು ಕೊಡಿ" ಎಂದು ಕೇಳಿ.

ಅಕ್ಕನ ಮನೆಯ ಟಿವಿ ಈಗ ಪಡಸಾಲೆಗೆ ಮುಖ ಮಾಡಿ ನಿಂತಿದೆ. ಅದರ ಮೇಲಿದ್ದ ಕಂಬಳಿಯನ್ನು ಭಾವ ಹೊಲಕ್ಕೆ ಒಯ್ಯುತ್ತಾರೆ.